ಪೆಟ್ಟಿಗೆಯಲ್ಲಿ ಪುಸ್ತಕಭಂಡಾರ

ಮನೆ ಬದಲಿಸುವ ಕಷ್ಟವನ್ನು ಮನೆ ಬದಲಿಸಿದವರೇ ಬಲ್ಲರು. ನಮ್ಮಂಥ ವಲಸೆ ಬಂದವರಿಗಂತೂ ಅದು ಹೊಸದಲ್ಲ. ಊರಿನಿಂದ ಮುಂಬಯಿಯ ಚಾಳಿಗೆ, ಚಾಳಿನಿಂದ ಡೊಂಬಿವಲಿಯ ಒಂದು ಕೋಣೆಗೆ, ಅಲ್ಲಿಂದ ಕಲ್ಯಾಣಕ್ಕೋ ಐರೋಳಿಗೋ ಸ್ವಂತದ ಫ್ಲ್ಯಾಟಿಗೆ, ಹೀಗೆ ಗಂಟುಮೂಟೆ ಕಟ್ಟಿಕೊಂಡು ತಿರುಗಿದವರು ನಾವು. ಟೆಂಪೋದಿಂದ ಸಾಮಾನೆಲ್ಲ ಇಳಿಸಿ, ಹಾಲು ಉಕ್ಕಿಸೋಣವೆಂದು ಒಲೆಯ ಮುಂದೆ ನಿಂತಾಗ ಗ್ಯಾಸಿನ ರೆಗ್ಯುಲೇಟರು ಹಳೆಯ ಮನೆಯಲ್ಲೇ ಉಳಿದಿರುತ್ತದೆ. ಸಾಮಾನು ಬಂದಿದೆ, ಸಂಸಾರ ಮಾತ್ರ ನಡೆಯದು. ಕಂಪ್ಯೂಟರಿನೊಳಗಿನ ಕೆಲಸವೂ ಹೀಗೆಯೇ ಮನೆ ಬದಲಿಸುತ್ತದೆ, ಹೀಗೆಯೇ ಹೊಸ ಮನೆಯ ಬಾಗಿಲಲ್ಲಿ ಮುಗ್ಗರಿಸುತ್ತದೆ ಎಂಬುದು ಕಳೆದ ಮಳೆಗಾಲದವರೆಗೆ ನಮಗೆ ತಿಳಿದಿರಲಿಲ್ಲ.

ನಾವೆಂದರೆ ಸಂಘದ ಪುಸ್ತಕಭಂಡಾರದ ಹೊರೆಯನ್ನು ತಲೆಯ ಮೇಲೆ ಹೊತ್ತ ಮೂವರು. ಒಬ್ಬರು ಠಾಣೆಯವರು, ಬ್ಯಾಂಕಿನಿಂದ ನಿವೃತ್ತರು. ಒಬ್ಬರು ಡೊಂಬಿವಲಿಯವರು, ಮಾಸ್ತರಿಕೆ ಮಾಡಿದವರು. ಇನ್ನೊಬ್ಬರು ಕಲ್ಯಾಣದ ಗೃಹಿಣಿ; ಮೂವರಲ್ಲಿ ನಿಜವಾಗಿ ಪುಸ್ತಕ ಓದುವವರು ಅವರೊಬ್ಬರೇ ಎಂದು ಉಳಿದಿಬ್ಬರೂ ಒಪ್ಪಿಕೊಂಡಿದ್ದೇವೆ. ನಮ್ಮ ಭಂಡಾರ ದೊಡ್ಡದೇನಲ್ಲ. ಎರಡು ಕಪಾಟು, ಮೂರು ನೋಂದಣಿ ಪುಸ್ತಕ, ಮತ್ತು ರಾಯರು. ಈ ಮೂರರಲ್ಲಿ ರಾಯರೇ ಮುಖ್ಯ. ಯಾವ ಪುಸ್ತಕ ಯಾವ ಅಟ್ಟಣಿಗೆಯಲ್ಲಿದೆ, ಯಾರು ಒಯ್ದು ಎರಡು ವರ್ಷವಾಯಿತು, ಯಾರ ತಂದೆ ತೀರಿಕೊಂಡಾಗ ಮಕ್ಕಳು ಇಡೀ ಪೆಟ್ಟಿಗೆಯನ್ನು ತಂದು ಕೊಟ್ಟರು, ಎಲ್ಲವೂ ರಾಯರ ತಲೆಯಲ್ಲಿ. ನೋಂದಣಿ ಪುಸ್ತಕದಲ್ಲಿ ಇರುವುದು ಹೆಸರು ಮತ್ತು ಬೆಲೆ ಅಷ್ಟೇ. ಆ ರಾಯರಿಗೆ ಕಣ್ಣು ಮಂಜಾಗುತ್ತ ಬಂತು. ದೀಪಾವಳಿಯ ಹೊತ್ತಿಗೆ ಧಾರವಾಡಕ್ಕೆ ಮಗನ ಮನೆಗೆ ಹೋಗಿ ನೆಲೆಸುವುದೆಂದು ನಿಶ್ಚಯವಾಯಿತು. ಆಗ ನಮ್ಮ ಎದೆ ಧಸಕ್ಕೆಂದಿತು.

ಇದಕ್ಕೆ ಹಿಂದೆಯೂ ಒಮ್ಮೆ ನಾವು ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದ್ದುಂಟು. ಎಷ್ಟೋ ವರ್ಷದ ಮಾತು. ಆ ಯಂತ್ರ ಕೆಟ್ಟಿತು. ಪಟ್ಟಿಯನ್ನು ಬೇರೆ ಯಂತ್ರದಲ್ಲಿ ತೆರೆದಾಗ ಕನ್ನಡವೇ ಇಲ್ಲ! ಬೆಕ್ಕು ಟೈಪು ಮಾಡಿದಂತೆ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಆ ಕಾಲದ ಅನೇಕ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷಿನ ಜಾಗದಲ್ಲಿಯೇ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಅದೇ ಅಕ್ಷರಶೈಲಿ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚು. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆ 1991ರಲ್ಲಿಯೇ ಬಂದಿತ್ತು, ಅದರಲ್ಲಿ ಕನ್ನಡವೂ ಇತ್ತು. ಆದರೆ ಅದು ನಮ್ಮ ಕಪಾಟಿನ ತನಕ ನಡೆದು ಬರುವುದು ತಡವಾಯಿತು. ಬರೆದದ್ದು ಉಳಿಯಬೇಕಾದರೆ, ಬರೆದದ್ದರ ಜೊತೆಗೆ ಅದಕ್ಕೆ ಬೇಕಾದದ್ದೂ ಉಳಿಯಬೇಕು. ಈ ಪಾಠವನ್ನು ನಾವು ಆಗಲೇ ಕಲಿಯಬೇಕಾಗಿತ್ತು. ಕಲಿಯಲಿಲ್ಲ.

ಈ ಸಲ ನೆರವಿಗೆ ಬಂದವನು ನಮ್ಮ ಸದಸ್ಯರೊಬ್ಬರ ಮಗ, ಐರೋಳಿಯಲ್ಲಿ ಕಂಪ್ಯೂಟರಿನ ನೌಕರಿ ಮಾಡುವ ಹುಡುಗ. ಶನಿವಾರ ರವಿವಾರ ಕುಳಿತು ನಮಗಾಗಿ ಒಂದು ಜಾಲತಾಣದ ವ್ಯವಸ್ಥೆಯನ್ನೇ ಬರೆದುಕೊಟ್ಟ. ಅದರಲ್ಲಿ ಮೂರು ಭಾಗಗಳೆಂದು ವಿವರಿಸಿದ. ನಮಗೆ ತಿಳಿಯದೆ ಕಣ್ಣು ಪಿಳುಕಿಸಿದಾಗ ಸಂಘದ ವಾರ್ಷಿಕೋತ್ಸವದ ಊಟವನ್ನೇ ಉದಾಹರಣೆಗೆ ತೆಗೆದುಕೊಂಡ. ಪಂಕ್ತಿಯಲ್ಲಿ ಬಡಿಸುವವರು ಮುಂಭಾಗ. ಪರದೆಯ ಮೇಲೆ ಕಾಣುವ ಪುಟ, ಹುಡುಕುವ ಖಾನೆ ಇವೆಲ್ಲ ಅದು. ಅಡುಗೆಮನೆ ನಡುಭಾಗ, ಕೇಳಿದ್ದನ್ನು ಸಿದ್ಧಮಾಡಿ ಕಳಿಸುವುದು ಅದರ ಕೆಲಸ. ಉಗ್ರಾಣ ಹಿಂಭಾಗ, ಪುಸ್ತಕಗಳ ಮಾಹಿತಿಯೆಲ್ಲ ತುಂಬಿಟ್ಟ ದತ್ತಸಂಚಯ. ಪಂಕ್ತಿಗೆ ರಿಯಾಕ್ಟ್, ಅಡುಗೆಮನೆಗೆ ನೋಡ್, ಉಗ್ರಾಣಕ್ಕೆ ಪೋಸ್ಟ್‌ಗ್ರೆಸ್ ಎಂದು ಹೆಸರು. ಹೆಸರು ಏನಾದರೇನು, ಹುಡುಗನ ಲ್ಯಾಪ್‌ಟಾಪಿನಲ್ಲಿ ಲೇಖಕರ ಹೆಸರು ಒತ್ತಿದೊಡನೆ ಪುಸ್ತಕಗಳು ಸಾಲಾಗಿ ಬಂದು ನಿಂತವು. ರಾಯರು ಕನ್ನಡಕ ಒರೆಸಿಕೊಂಡು, “ಏನಪಾ ತಮ್ಮಾ, ಇಷ್ಟ ದಿನಾ ನಾ ಒಬ್ಬನ ಮಾಡಿದ್ದನ್ನ ಇದು ಮೂರು ಮಂದಿ ಕೂಡಿ ಮಾಡ್ತದೇನು?” ಎಂದರು.

ಮುಂದಿನ ರವಿವಾರ ಅದನ್ನು ಡೊಂಬಿವಲಿಯಲ್ಲಿ ಸಂಘದ ಕಂಪ್ಯೂಟರಿಗೆ ಹಾಕಲು ಕುಳಿತೆವು. ಬೆಳಗಿನ ಹತ್ತಕ್ಕೆ ಕುಳಿತವರು ಸಂಜೆ ಆರಾದರೂ ಎದ್ದಿರಲಿಲ್ಲ. ಅಲ್ಲಿದ್ದ ನೋಡ್ ಹಳೆಯದು, ಹುಡುಗನದು ಹೊಸದು. ಹೊಸದನ್ನು ಹಾಕಿದರೆ ಬೇರೊಂದು ಮುನಿಸಿಕೊಂಡಿತು. ಉಗ್ರಾಣದ ಗುಪ್ತಪದ ಹೊಂದಲಿಲ್ಲ. ಹುಡುಗ ಪಾಪ, “ಕಾಕಾ, ನನ್ನ ಯಂತ್ರದಾಗ ನಡೀತದಲ್ಲ!” ಎಂದು ಹತ್ತು ಸಲ ಹೇಳಿದ. ಅದು ಈ ವೃತ್ತಿಯವರೆಲ್ಲರ ಹಳೆಯ ಗೋಳಂತೆ. ಕೇಳಿದಾಗ ನಮಗೆ ನಗು ಬಂದರೂ ಒಳಗೊಳಗೇ ಚುರುಕ್ಕೆಂದಿತು. ಪುಸ್ತಕಭಂಡಾರವೂ ಇಷ್ಟು ವರ್ಷ ರಾಯರ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತಲ್ಲವೆ? ಒಬ್ಬರ ತಲೆಯಿಂದ ತೆಗೆದು ಒಬ್ಬರ ಲ್ಯಾಪ್‌ಟಾಪಿಗೆ ಇಟ್ಟೆವು, ಅಷ್ಟೇ ಆದದ್ದು. ಸಾಲದ್ದಕ್ಕೆ ಆ ವಾರವೇ ಹುಡುಗನಿಗೆ ಬೇರೆ ಊರಿನಲ್ಲಿ ನೌಕರಿಯಾಯಿತು. ಆರು ವಾರದಲ್ಲಿ ಹೊರಡಬೇಕು. ರಾಯರೂ ಹೊರಟರು, ಹುಡುಗನೂ ಹೊರಟ. ನಾವು ಮೂವರು, ಎರಡು ಕಪಾಟು.

“ಹಂಗಾದ್ರ ಇದನ್ನ ಕಂಟೇನರಿಗೆ ಹಾಕೇಬಿಡೋಣ್ರಿ” ಎಂದ ಹುಡುಗ. ಕಂಟೇನರು ಎಂದರೆ ನಮಗೆ ಗೊತ್ತಿದ್ದುದು ಒಂದೇ. ಕಲ್ಯಾಣ–ಶಿಳ್ ರಸ್ತೆಯಲ್ಲಿ ರಿಕ್ಷಾದ ಪಕ್ಕದಲ್ಲಿ ಗುಡುಗುತ್ತ ಹೋಗುವ ಟ್ರೇಲರುಗಳ ಬೆನ್ನ ಮೇಲಿನ ಕಬ್ಬಿಣದ ಪೆಟ್ಟಿಗೆ. ನವಿ ಮುಂಬಯಿಯ ಆಚೆ, ಉರಣದ ಬಳಿ ನ್ಹಾವಾ ಶೇವಾದಲ್ಲಿ 1989ರಲ್ಲಿ ಜವಾಹರಲಾಲ್ ನೆಹರೂ ಬಂದರು ಆರಂಭವಾದಂದಿನಿಂದ ಈ ಪೆಟ್ಟಿಗೆಗಳು ನಮ್ಮ ಸೀಮೆಯ ರಸ್ತೆಗಳ ಒಡೆಯರಾಗಿವೆ. ಹುಡುಗ ನಕ್ಕು, ಹೆಸರು ಬಂದದ್ದು ಅಲ್ಲಿಂದಲೇ ಎಂದ.

ಮೊದಲು ಹಡಗಿಗೆ ಸಾಮಾನು ಏರಿಸುವುದೆಂದರೆ ಚೀಲ, ಪೀಪಾಯಿ, ಮರದ ಪೆಟ್ಟಿಗೆ ಎಲ್ಲವನ್ನೂ ಹಮಾಲರು ಒಂದೊಂದಾಗಿ ಹೊತ್ತು ಜೋಡಿಸಬೇಕಾಗಿತ್ತು. ಅಮೇರಿಕೆಯ ಲಾರಿ ಮಾಲಿಕ ಮಾಲ್ಕಮ್ ಮೆಕ್ಲೀನ್ ಎಂಬಾತ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನಿಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಬರಬರುತ್ತ ಅಳತೆಗಳೂ ಗೊತ್ತಾದವು. ಈಗ ಎಲ್ಲೆಡೆ ಕಾಣುವುದು 20 ಅಡಿ ಮತ್ತು 40 ಅಡಿಯವು. ಒಳಗೆ ಬಟ್ಟೆಯಿರಲಿ ಬಾಳೆಹಣ್ಣಿರಲಿ, ಹೊರಗಿನ ಅಳತೆ ಒಂದೇ, ಮೂಲೆಯ ಕೊಕ್ಕೆ ಒಂದೇ. ಹಡಗಿನ ಮೇಲೂ ಕೂರುತ್ತದೆ, ರೈಲಿನ ಮೇಲೂ ಕೂರುತ್ತದೆ, ಶಿಳ್ ರಸ್ತೆಯ ಟ್ರೇಲರಿನ ಮೇಲೂ ಕೂರುತ್ತದೆ. ಒಳಗೇನಿದೆಯೆಂದು ಕ್ರೇನಿನವನು ಕೇಳುವುದಿಲ್ಲ.

ಕಂಪ್ಯೂಟರಿನಲ್ಲಿಯೂ ಹಾಗೆಯೇ. ಒಂದು ಕೆಲಸವನ್ನೂ ಅದಕ್ಕೆ ಬೇಕಾದ ಸಲಕರಣೆಯನ್ನೂ ಕೂಡಿಯೇ ಒಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಯಾವ ಯಂತ್ರದ ಮೇಲಾದರೂ ಕೂರಿಸಬಹುದು. ಈ ವಿದ್ಯೆಯ ಬೇರುಗಳು ಹಳೆಯವು. ಅದನ್ನು ಸಾಮಾನ್ಯರ ಕೈಗೆ ಎಟಕುವಂತೆ ಮಾಡಿದ್ದು ಡಾಕರ್ ಎಂಬ ಸಾಧನ. ಸೋಲೊಮನ್ ಹೈಕ್ಸ್ ಎಂಬಾತ 2013ರ ಮಾರ್ಚಿಯಲ್ಲಿ ಅಮೇರಿಕೆಯ ಒಂದು ಸಮ್ಮೇಳನದಲ್ಲಿ ಐದೇ ನಿಮಿಷ ಮಾತಾಡಿ ಅದನ್ನು ಲೋಕಕ್ಕೆ ತೋರಿಸಿದ. ಇವು ಪೂರ್ಣ ಬೇರೆ ಬೇರೆ ಯಂತ್ರಗಳಲ್ಲ. ಒಂದೇ ಸೊಸೈಟಿಯ ಕಟ್ಟಡದಲ್ಲಿ ಬೇರೆ ಬೇರೆ ಫ್ಲ್ಯಾಟುಗಳಿದ್ದಂತೆ. ಪಾಯ ಒಂದೇ, ನೀರಿನ ಟಾಕಿ ಒಂದೇ, ಆದರೆ ಒಬ್ಬರ ಅಡುಗೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ಹೋಗದು.

ನಾವು ಮಾಡಿದ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಬೇರೆ ಊರಿನ ಸಂಘದವರಿಗೆ ಉಪಯೋಗವಾದರೂ ಆದೀತು. ಪಂಕ್ತಿಗೆ ಒಂದು, ಅಡುಗೆಮನೆಗೆ ಒಂದು, ಹೀಗೆ ಎರಡು ಚೀಟಿಗಳನ್ನು ಹುಡುಗ ಬರೆದ. ಅದಕ್ಕೆ ಡಾಕರ್‌ಫೈಲ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಮಸಾಲೆಪುಡಿಯ ಅಳತೆ ಬರೆದಿಡುವ ಚೀಟಿಯಂಥದೇ ಅದು. ನೋಡಿನ ಇಂಥ ಆವೃತ್ತಿಯಿಂದ ಆರಂಭಿಸು, ಬೇಕಾದ ಸಾಮಗ್ರಿಯ ಪಟ್ಟಿಯನ್ನು ಒಳಗಿಡು, ಅವನ್ನೆಲ್ಲ ತರಿಸು, ಆಮೇಲೆ ನಮ್ಮ ಬರಹವನ್ನಿಡು, ಕೊನೆಗೆ ಈ ಆಜ್ಞೆಯಿಂದ ಹೊರಡು. ಈ ಚೀಟಿಯಂತೆ ತಯಾರಾದ ಅಚ್ಚಿಗೆ ಇಮೇಜ್ ಎಂದು ಹೆಸರು. ಅಚ್ಚಿನಿಂದ ತೆಗೆದು ನಡೆಸುವ ಪೆಟ್ಟಿಗೆಯೇ ಕಂಟೇನರು. ಅಚ್ಚು ಒಂದಿದ್ದರೆ ಪೆಟ್ಟಿಗೆ ಎಷ್ಟಾದರೂ ತೆಗೆಯಬಹುದು. ಉಗ್ರಾಣದ ಅಚ್ಚನ್ನು ನಾವು ಮಾಡಬೇಕಾಗಿಲ್ಲ, ಸಿದ್ಧವಾಗಿಯೇ ಸಿಗುತ್ತದೆ. ಸಾಮಗ್ರಿಯ ಪಟ್ಟಿಯನ್ನು ಮೊದಲು, ಬರಹವನ್ನು ಆಮೇಲೆ ಇಡುವುದಕ್ಕೂ ಕಾರಣವಿದೆ. ಅಚ್ಚು ಪದರ ಪದರವಾಗಿ ಏಳುತ್ತದೆ. ಬದಲಾಗದ ಪದರವನ್ನು ಯಂತ್ರ ಮತ್ತೆ ಮಾಡುವುದಿಲ್ಲ. ಬರಹದಲ್ಲಿ ಒಂದು ಅಕ್ಷರ ತಿದ್ದಿದ ಮಾತ್ರಕ್ಕೆ ಬಜಾರಿಗೆ ಮತ್ತೆ ಹೋಗಬೇಕಾಗಿಲ್ಲ.

ಮೂರು ಪೆಟ್ಟಿಗೆಗಳನ್ನು ಕೂಡಿಸಿ ನಡೆಸಲು ಇನ್ನೊಂದು ಕಾಗದ. ಅದು ಕಂಪೋಸ್ ಕಡತ. ಯಾವ ಪೆಟ್ಟಿಗೆ, ಯಾವ ಬಾಗಿಲು, ಯಾರಿಗೆ ಯಾರು ಬೇಕು, ಎಲ್ಲವೂ ಅದರಲ್ಲಿ. ಗುಪ್ತಪದವನ್ನು ಮಾತ್ರ ಅದರಲ್ಲಿ ಬರೆಯದೆ ಬೇರೆ ಚೀಟಿಯಲ್ಲಿಟ್ಟೆವು. ಎಲ್ಲವನ್ನೂ ಜಾಲಕ್ಕೆ ಏರಿಸುವ ಮೊದಲು ನಮ್ಮದೇ ಯಂತ್ರದಲ್ಲಿ ನಡೆಸಿ ನೋಡುವುದೆಂದು ಗೊತ್ತುಮಾಡಿದೆವು. ನಾಟಕಕ್ಕೆ ತಾಲೀಮು ಇದ್ದಂತೆ ಇದು. ಸದಸ್ಯರ ವಿಳಾಸ, ಫೋನು ನಂಬರು ಇರುವ ಕೆಲಸವನ್ನು ತಾಲೀಮಿಲ್ಲದೆ ರಂಗಕ್ಕೆ ತರಬಾರದಷ್ಟೆ.

‘ಡಾಕರ್ ಕಂಪೋಸ್ ಅಪ್’ ಎಂಬ ಮಂತ್ರವನ್ನು ಒತ್ತಿದೆವು. ಪರದೆಯ ತುಂಬ ಅಕ್ಷರಗಳು ಓಡಿದವು. ಕೊನೆಗೆ ಅಡುಗೆಮನೆಯಿಂದ ದೂರು ಬಂತು: ಉಗ್ರಾಣ ಸಿಗುತ್ತಿಲ್ಲ! ಮೂರೂ ಒಂದೇ ಯಂತ್ರದಲ್ಲಿವೆ, ಸಿಗದಿರುವುದೆಂದರೇನು? ವಿಚಾರಿಸಿದಾಗ ತಿಳಿಯಿತು. ಹುಡುಗ ಮೊದಲು ಬರೆದಾಗ ಉಗ್ರಾಣದ ವಿಳಾಸವನ್ನು ‘ಲೋಕಲ್‌ಹೋಸ್ಟ್’ ಎಂದು ಕೊಟ್ಟಿದ್ದ. ಹಾಗೆಂದರೆ ‘ನಮ್ಮ ಮನೆ’ ಎಂದು ಅರ್ಥ. ಈಗ ಪ್ರತಿ ಪೆಟ್ಟಿಗೆಯೂ ಒಂದೊಂದು ಫ್ಲ್ಯಾಟು. ಅಡುಗೆಮನೆಯಲ್ಲಿ ನಿಂತು ‘ನಮ್ಮ ಮನೆ’ ಎಂದರೆ ಅಡುಗೆಮನೆಯೇ. ಅಲ್ಲಿ ಉಗ್ರಾಣವನ್ನು ಹುಡುಕಿದರೆ ಸಿಕ್ಕೀತೆ? ನೆರೆಮನೆಯವರನ್ನು ಹೆಸರು ಹಿಡಿದು ಕರೆಯಬೇಕು. ಕಂಪೋಸ್ ಕಡತದಲ್ಲಿ ಉಗ್ರಾಣಕ್ಕೆ ಯಾವ ಹೆಸರು ಇಟ್ಟಿದ್ದೇವೆಯೋ ಅದೇ ಅದರ ವಿಳಾಸ. ತಿದ್ದಿದೆವು.

ಇನ್ನೂ ಒಂದು ತೊಡಕು. ಒಮ್ಮೆ ನಡೆದರೆ ಒಮ್ಮೆ ನಡೆಯದು. ಅಡುಗೆಮನೆ ಉಗ್ರಾಣಕ್ಕಿಂತ ಬೇಗ ಎಚ್ಚರಗೊಂಡು ಬಾಗಿಲು ಬಡಿದು, ಉತ್ತರ ಬರಲಿಲ್ಲವೆಂದು ಸಿಟ್ಟಿನಿಂದ ಮಲಗಿಬಿಡುತ್ತಿತ್ತು. ‘ಮೊದಲು ಉಗ್ರಾಣ, ಆಮೇಲೆ ಅಡುಗೆಮನೆ’ ಎಂದು ಬರೆದರೆ ಸಾಲದು. ಅದರಿಂದ ಪೆಟ್ಟಿಗೆ ಆರಂಭವಾಗುವ ಸರದಿ ಗೊತ್ತಾಗುತ್ತದೆಯೇ ಹೊರತು ಒಳಗಿನವರು ಎದ್ದು ಮುಖ ತೊಳೆದರೋ ಇಲ್ಲವೋ ಗೊತ್ತಾಗದು. ‘ಸಿದ್ಧವಾಗಿದ್ದೀಯಾ?’ ಎಂದು ಉಗ್ರಾಣವನ್ನು ಆಗಾಗ ಕೇಳಿ, ಹೌದೆಂದ ಮೇಲೆಯೇ ಅಡುಗೆಮನೆಯನ್ನು ಎಬ್ಬಿಸುವ ಏರ್ಪಾಡು ಮಾಡಿದ ಮೇಲೆ ಸರಿಹೋಯಿತು.

ಮೂರನೆಯ ರವಿವಾರ ಎಲ್ಲವೂ ನೆಟ್ಟಗೆ ನಡೆಯಿತು. ಬರಹದ ಕಡತವನ್ನು ಹೊರಗಿನಿಂದಲೇ ಪೆಟ್ಟಿಗೆಗೆ ಜೋಡಿಸಿದ್ದರಿಂದ, ಹುಡುಗ ಇಲ್ಲಿ ಒಂದು ಸಾಲು ತಿದ್ದಿದರೆ ಅಲ್ಲಿ ಪರದೆಯ ಮೇಲೆ ಆ ಕ್ಷಣವೇ ಬದಲಾಗುತ್ತಿತ್ತು. ರಾಯರನ್ನು ಕುರ್ಚಿಯಲ್ಲಿ ಕೂರಿಸಿ ಪುಸ್ತಕಗಳ ಕತೆ ಕೇಳಿ ಬರೆದುಕೊಳ್ಳಲು ಆರಂಭಿಸಿದೆವು. ಒಂದೊಂದೇ ಪುಸ್ತಕ ಕೈಗೆ ಕೊಡುವುದು. ಅವರು ಬೆನ್ನು ಸವರಿ ನೋಡಿ ಹೇಳುವುದು. ಇದು ಮಾಟುಂಗಾದಲ್ಲಿ ಹಳೆಯ ಪುಸ್ತಕದವನ ಹತ್ತಿರ ಸಿಕ್ಕದ್ದು. ಇದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ರಾತ್ರಿ ಶಾಲೆಯಲ್ಲಿ ಓದಿ ಪಾಸಾದಾಗ ಕೊಟ್ಟದ್ದು. ಇದರ ಮೊದಲ ಪುಟದಲ್ಲಿರುವುದು ಮದುವೆಯ ಉಡುಗೊರೆಯ ಸಹಿ. ಇಂಥ ಟಿಪ್ಪಣಿಗಳು ನಾಲ್ಕು ರವಿವಾರಗಳಲ್ಲಿ ಇನ್ನೂರರ ಮೇಲಾದವು. ಆಮೇಲೆ ರಾಯರು ಧಾರವಾಡಕ್ಕೆ ಹೊರಟರು. ಕಲ್ಯಾಣ ಸ್ಟೇಶನ್ನಿಗೆ ಹೋಗಿ ಹತ್ತಿಸಿ ಬಂದೆವು.

ವಾಚಕರೇ, ಇನ್ನು ಹೇಳಬೇಕಾದ ಸಂಗತಿ ನಮಗೆ ನಾಚಿಕೆಯದು. ಮುಂದಿನ ವಾರ ಯಂತ್ರ ಏಕೋ ನಿಧಾನವಾಯಿತು. ಎಲ್ಲವನ್ನೂ ನಿಲ್ಲಿಸಿ ಹೊಸದಾಗಿ ಆರಂಭಿಸೋಣವೆಂದು ನಮ್ಮಲ್ಲಿ ಒಬ್ಬರು, ಯಾರೆಂದು ಹೇಳುವುದಿಲ್ಲ, ‘ಡಾಕರ್ ಕಂಪೋಸ್ ಡೌನ್’ ಎಂದು ಬರೆದು, ಎಲ್ಲೋ ಕಂಡಿದ್ದ ನೆನಪಿನಿಂದ ಅದರ ಮುಂದೆ ಒಂದು ಅಡ್ಡಗೆರೆ ಎಳೆದು ‘ವಿ’ ಅಕ್ಷರವನ್ನೂ ಸೇರಿಸಿದರು. ಮತ್ತೆ ಆರಂಭಿಸಿದಾಗ ಪುಟ ಬಂತು, ಹುಡುಕುವ ಖಾನೆ ಬಂತು, ಪುಸ್ತಕ ಒಂದೂ ಇಲ್ಲ.

ಹುಡುಗ ಮುಖ ಸಪ್ಪಗೆ ಮಾಡಿಕೊಂಡು ವಿವರಿಸಿದ. ಪೆಟ್ಟಿಗೆ ಎಸೆಯುವುದಕ್ಕೆಂದೇ ಇರುವುದು. ಇಂದು ತೆಗೆದು ನಾಳೆ ಹೊಸದು ಇಡಬಹುದು, ಅದೇ ಅದರ ಗುಣ. ಆದ್ದರಿಂದ ಉಳಿಯಬೇಕಾದದ್ದನ್ನು ಪೆಟ್ಟಿಗೆಯ ಒಳಗೆ ಇಡಬಾರದು. ವಾಲ್ಯೂಮ್ ಎಂಬ ಬೇರೆ ಜಾಗದಲ್ಲಿಟ್ಟು ಪೆಟ್ಟಿಗೆಗೆ ಜೋಡಿಸಬೇಕು. ಅವನು ಹಾಗೆಯೇ ಮಾಡಿದ್ದ. ಬರಿದೇ ‘ಡೌನ್’ ಎಂದಿದ್ದರೆ ಪೆಟ್ಟಿಗೆಗಳು ಹೋಗಿ ವಾಲ್ಯೂಮು ಉಳಿಯುತ್ತಿತ್ತು. ಆ ‘ವಿ’ ಎಂದರೆ ವಾಲ್ಯೂಮನ್ನೂ ಅಳಿಸು ಎಂದು ಅಪ್ಪಣೆ. ಯಂತ್ರ ಅಪ್ಪಣೆಯನ್ನು ಪಾಲಿಸಿತು. “ಬ್ಯಾಕಪ್ಪು ತಗೀರಿ ಅಂತ ನಾ ಹೇಳೇ ಇರಲಿಲ್ಲ ಮಾವಶಿ, ನಂದೂ ತಪ್ಪು” ಎಂದು ಅವನೇ ಸಮಾಧಾನ ಹೇಳಿದ. ಪುಸ್ತಕಗಳ ಹೆಸರು ನೋಂದಣಿಯಲ್ಲಿದ್ದವು, ಮತ್ತೆ ಬರೆಯಬಹುದಾಗಿತ್ತು. ರಾಯರ ಮಾತುಗಳು ಮಾತ್ರ ಬೇರೆಲ್ಲಿಯೂ ಇರಲಿಲ್ಲ.

ಧಾರವಾಡಕ್ಕೆ ಫೋನು ಮಾಡಲು ಎರಡು ದಿನ ಧೈರ್ಯ ಬರಲಿಲ್ಲ. ಮೂರನೆಯ ದಿನ ಹೇಳಿದೆವು. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡ್ರಿ. ಸಂಜೀಮುಂದ ನನಗೇನ ಕೆಲಸ ಅದ? ದಿನಾ ಹತ್ತ ಪುಸ್ತಕ ಕೇಳ್ರಿ, ಹೇಳ್ತೀನಿ” ಎಂದರು. ಹಾಗೆ ದಿನವೂ ದೀಪ ಹಚ್ಚುವ ಹೊತ್ತಿಗೆ ಕಲ್ಯಾಣದಿಂದ ಧಾರವಾಡಕ್ಕೆ ಫೋನು. ನಾವು ಹೆಸರು ಓದುವುದು, ಅವರು ಹೇಳುವುದು. ಆದರೆ ಕೈಯಲ್ಲಿ ಪುಸ್ತಕವಿಲ್ಲ. ಬೆನ್ನು ಸವರಿ ನೆನಪು ತೆಗೆಯುತ್ತಿದ್ದ ಮನುಷ್ಯನಿಗೆ ಬರಿಯ ಹೆಸರು ಸಾಲದು. ಹನ್ನೊಂದು ಪುಸ್ತಕಗಳ ಮಾತು ಬಂದಾಗ, “ಯಾಕೋ ನೆನಪಾಗವಲ್ದು” ಎಂದರು. ಆ ಮಾತನ್ನು ಅವರ ಬಾಯಿಂದ ನಾವು ಕೇಳಿದ್ದು ಅದೇ ಮೊದಲು. ಆ ಹನ್ನೊಂದರಲ್ಲಿ ರಾತ್ರಿ ಶಾಲೆಯ ಹುಡುಗ ಕೊಟ್ಟದ್ದೂ ಒಂದು. ಅದು ಎರಡು ಕಪಾಟುಗಳ ಪೈಕಿ ಯಾವ ಪುಸ್ತಕವೆಂದು ಬರೆದುಕೊಂಡವರಿಗೂ ಈಗ ನೆನಪಿಲ್ಲ.

ಹುಡುಗ ಹೊರಡುವ ಹಿಂದಿನ ರವಿವಾರ ಒಂದು ಪರೀಕ್ಷೆ ಇಟ್ಟುಕೊಂಡೆವು. ಕಲ್ಯಾಣದ ನಮ್ಮವರ ಮಗಳ ಲ್ಯಾಪ್‌ಟಾಪನ್ನು ತಂದೆವು. ಈ ಕೆಲಸದ ಗಾಳಿಯೂ ಸೋಕದ ಯಂತ್ರ ಅದು. ಹುಡುಗ ಕೈಕಟ್ಟಿ ದೂರ ಕುಳಿತುಕೊಳ್ಳಬೇಕು, ಬಾಯಿ ಬಿಡಬಾರದು ಎಂದು ಕಟ್ಟಳೆ. ಡಾಕರನ್ನು ಹಾಕಿದೆವು; ಬರಹದ ಕಡತಗಳನ್ನು ಇಳಿಸಿಕೊಂಡೆವು; ಗುಪ್ತಪದದ ಚೀಟಿಯನ್ನು ಅದರ ಜಾಗದಲ್ಲಿಟ್ಟೆವು; ಮಂತ್ರ ಒತ್ತಿದೆವು. ಅಚ್ಚುಗಳು ಇಳಿದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಉಪ್ಪಿಟ್ಟು, ಚಹಾ ಮುಗಿದವು. ಆಮೇಲೆ ಪೆನ್‌ಡ್ರೈವಿನಿಂದ ಬ್ಯಾಕಪ್ಪನ್ನು ಉಗ್ರಾಣಕ್ಕೆ ತುಂಬಿ, ಲೇಖಕರ ಹೆಸರು ಒತ್ತಿದರೆ ಪುಸ್ತಕಗಳು ಸಾಲಾಗಿ ಬಂದು ನಿಂತವು. ಡೊಂಬಿವಲಿಯ ಯಂತ್ರದಲ್ಲಿ ಹೇಗೋ ಹಾಗೆಯೇ, ಅಚ್ಚ ಕನ್ನಡದಲ್ಲಿ. ಹುಡುಗ ಎದ್ದು ಬಂದು, “ಇನ್ನ ನಾ ಹೋಗಬಹುದು” ಎಂದ. ಅವನ ಕಾಕಾಗಳಿಗೆ ಗಂಟಲು ಕಟ್ಟಿತು. ಉಪ್ಪಿಟ್ಟಿನ ಖಾರವೆಂದು ಸುಮ್ಮನಾದರು.

ಈಗ ಪ್ರತಿ ರವಿವಾರ ಭಂಡಾರ ಮುಚ್ಚುವ ಮೊದಲು ಬ್ಯಾಕಪ್ಪು ತೆಗೆಯುತ್ತೇವೆ. ಒಂದು ಪ್ರತಿ ಠಾಣೆಯ ಮನೆಯಲ್ಲಿ, ಒಂದು ಕಲ್ಯಾಣದ ಮನೆಯಲ್ಲಿ. ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ತುಂಬಿ ನೋಡುತ್ತೇವೆ. ತುಂಬಿ ನೋಡದ ಬ್ಯಾಕಪ್ಪು ರುಚಿ ನೋಡದ ಸಾರು ಎಂದು ಹುಡುಗ ಎಚ್ಚರಿಸಿ ಹೋಗಿದ್ದಾನೆ. ವ್ಯವಸ್ಥೆಯನ್ನು ಆರಂಭಿಸುವ ಕ್ರಮವನ್ನು ನೋಂದಣಿ ಪುಸ್ತಕದ ಮೊದಲ ಪುಟದಲ್ಲಿ ಐದು ಸಾಲುಗಳಲ್ಲಿ ಶಾಯಿಯಿಂದ ಬರೆದಿದ್ದೇವೆ. ‘ವಿ’ ಅಕ್ಷರವನ್ನು ಸೇರಿಸಬಾರದೆಂದು ಕೆಂಪು ಶಾಯಿಯಲ್ಲಿ ಆರನೆಯ ಸಾಲು. ನಾಳೆ ನಾವು ಮೂವರೂ ಇಲ್ಲದಿದ್ದರೆ, ಈ ಪುಟವನ್ನು ಓದಬಲ್ಲವರು ಯಾರು ಬಂದರೂ ಭಂಡಾರ ತೆರೆಯುತ್ತದೆ.

ಆ ಹನ್ನೊಂದು ಪುಸ್ತಕಗಳ ‘ಕೊಟ್ಟವರು’ ಎಂಬ ಖಾನೆ ಹಾಗೆಯೇ ಖಾಲಿ ಇದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಅವರೋ ಅವರ ಗೆಳೆಯರೋ ಎಂದಾದರೂ ಸಂಘಕ್ಕೆ ಪುಸ್ತಕ ಕೊಟ್ಟ ನೆನಪಿದ್ದರೆ, ಒಂದು ರವಿವಾರ ಡೊಂಬಿವಲಿಗೆ ಕರೆತನ್ನಿ. ಪುಸ್ತಕಗಳನ್ನು ಅವರ ಕೈಗೇ ಕೊಡುತ್ತೇವೆ. ಅವರು ಹೇಳಿದ್ದನ್ನು ಬರೆದುಕೊಳ್ಳಲು ನಾವು ಹತ್ತರಿಂದ ಒಂದರವರೆಗೆ ಅಲ್ಲಿಯೇ ಇರುತ್ತೇವೆ.